ಪಗಾರದ ಜೊತೆ ಹೊಲವೂ ಇದ್ದರೆ ಯಾವ ಐಟಿಆರ್ ಫಾರ್ಮ್?

ಕಲಬುರಗಿಯಲ್ಲಿ ಆದಾಯ ತೆರಿಗೆ ರಿಟರ್ನ್ (ಐಟಿಆರ್) ತುಂಬುವ ದಿನಗಳು ಬಂದರೆ ಎಲ್ಲರದ್ದೂ ಒಂದೇ ಮಾತು. "ನಂದು ಬರೇ ಪಗಾರ ಅದರಿ ಅಕ್ಕಾ, ಒಂದನೇ ನಂಬರ್ ಫಾರ್ಮ್ ಹಾಕಿಬಿಡ್ರಿ." ನಾನು ಮೊದಲು ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತ್ (ಕಮಿಷನ್ ಮೇಲೆ ಮಾಲು ಮಾರಿಕೊಡುವ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಮನೆಯಲ್ಲೇ ಕೂತು ಓಣಿಯವರ, ನೆಂಟರ, ಅವರು ಕರಕೊಂಡು ಬಂದವರ ರಿಟರ್ನ್ ತುಂಬಿಕೊಡುತ್ತೇನೆ. ಇವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಬೇರೆಯೇ. ಊರಲ್ಲಿ ಹೊಲ ಇದೆಯಾ? ಪಹಣಿ ಯಾರ ಹೆಸರಲ್ಲಿದೆ?

ಫಾರ್ಮ್ ಯಾವುದು ಅಂತ ತೀರ್ಮಾನ ಆಗುವುದು ಪಗಾರದ ಮೇಲೆ ಅಂತ ಜನ ತಿಳಿದಿದ್ದಾರೆ. ಪಗಾರ 9 ಲಕ್ಷ ಇದ್ದರೂ 19 ಲಕ್ಷ ಇದ್ದರೂ ಫಾರ್ಮ್ ಬದಲಾಗುವುದಿಲ್ಲ. ಬದಲಾಯಿಸುವುದು ಪಕ್ಕದಲ್ಲಿ ಬರುವ ಸಣ್ಣ ದುಡ್ಡು. ನಾಲ್ಕು ಚೀಲ ತೊಗರಿ, ಮೊಬೈಲಿನಲ್ಲಿ ಮಾರಿದ ಮ್ಯೂಚುವಲ್ ಫಂಡ್, ಯಾರದೋ ಮಾತಿಗೆ ತೆಗೆದುಕೊಂಡ ಸಾವಿರ ರೂಪಾಯಿಯ ಷೇರು. ಹಾಗಾಗಿ ಪಗಾರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಉಳಿದದ್ದನ್ನು ನೋಡೋಣ. ನಾನು ಇಲ್ಲಿ ಹೇಳುತ್ತಿರುವುದು 2025-26ನೇ ನಿರ್ಧರಣಾ ವರ್ಷದ ಫಾರ್ಮ್‌ಗಳ ಬಗ್ಗೆ. ಅಂದರೆ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಬಂದ ಆದಾಯಕ್ಕೆ. ಫಾರ್ಮ್‌ಗಳು ಪ್ರತಿ ವರ್ಷ ಅಷ್ಟಿಷ್ಟು ಬದಲಾಗುತ್ತವೆ, ಬೇರೆ ವರ್ಷಕ್ಕೆ ಇದನ್ನೇ ಕಣ್ಣುಮುಚ್ಚಿ ಹಿಡಿಯಬೇಡಿ.

ಮೊದಲು ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ ಆದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ನಿಮ್ಮ ವರ್ಷದ ಆದಾಯ, ವಹಿವಾಟಿನ ಪಟ್ಟಿ) ಎರಡನ್ನೂ ಡೌನ್‌ಲೋಡ್ ಮಾಡಿಕೊಳ್ಳಿ. ಪಗಾರದ ಬಗ್ಗೆ ಕಚೇರಿಯವರು ಕೊಡುವ ಫಾರ್ಮ್ 16 ಅವರಿಗೆ ಗೊತ್ತಿದ್ದಷ್ಟನ್ನು ಮಾತ್ರ ಹೇಳುತ್ತದೆ. 26ಎಎಸ್‌ನಲ್ಲಿ ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಹಿಡಿದುಕೊಂಡ ತೆರಿಗೆ, ಯಾವ ಸೆಕ್ಷನ್‌ನಲ್ಲಿ ಕಟ್ ಆಗಿದೆ ಅಂತ ಇರುತ್ತದೆ. 192 ಅಂದರೆ ಪಗಾರ. 194ಎ ಅಂದರೆ ಬಡ್ಡಿ. ಇವೆರಡೇ ಇದ್ದರೆ ನೆಮ್ಮದಿ. 194ಜೆ ಕಂಡರೆ ವೃತ್ತಿಯ ಫೀಸು, 194ಎಚ್ ಕಮಿಷನ್, 194ಡಿ ವಿಮೆ ಕಮಿಷನ್, 194ಸಿ ಗುತ್ತಿಗೆ ಕೆಲಸ. ಇವುಗಳಲ್ಲಿ ಒಂದು ಕಂಡರೂ ಐಟಿಆರ್-1ರ ಆಸೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಖಾಸಗಿ ಆಸ್ಪತ್ರೆಯಲ್ಲಿ ತಿಂಗಳಿಗಿಷ್ಟು ಅಂತ ಪಡೆಯುವ ಡಾಕ್ಟರುಗಳು ತಮ್ಮದು ಪಗಾರ ಅಂತಲೇ ತಿಳಿದಿರುತ್ತಾರೆ. 26ಎಎಸ್ ತೆಗೆದರೆ ಅಲ್ಲಿ 194ಜೆ ಕೂತಿರುತ್ತದೆ. ಕೆಲವು ಅತಿಥಿ ಉಪನ್ಯಾಸಕರದ್ದೂ ಹೀಗೇ. ನೀವು ನಿಜಕ್ಕೂ ನೌಕರರೇ ಆಗಿದ್ದು ಅವರು ತಪ್ಪು ಸೆಕ್ಷನ್ ಹಾಕಿದ್ದರೆ, ಮೊದಲು ಅವರ ಹತ್ತಿರ ಸರಿ ಮಾಡಿಸಿಕೊಳ್ಳಿ. 194ಜೆ ಹಾಗೇ ಇಟ್ಟುಕೊಂಡು ಐಟಿಆರ್-1ರಲ್ಲಿ ಪಗಾರ ಅಂತ ತೋರಿಸಿದರೆ ಲೆಕ್ಕ ತಾಳೆ ಆಗುವುದಿಲ್ಲ.

ಇನ್ನು ಐಟಿಆರ್-1, ಅಂದರೆ ಸಹಜ್. ಇದು ಭಾರತದಲ್ಲೇ ಇರುವ ವ್ಯಕ್ತಿಗೆ. ಒಟ್ಟು ಆದಾಯ 50 ಲಕ್ಷದೊಳಗೆ ಇರಬೇಕು. ಪಗಾರ ಅಥವಾ ಪಿಂಚಣಿ, ಒಂದೇ ಒಂದು ಮನೆ, ಬ್ಯಾಂಕ್ ಬಡ್ಡಿ, ಡಿವಿಡೆಂಡ್ ಇಂಥವು ನಡೆಯುತ್ತವೆ. ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಯೂ ಇದರಲ್ಲೇ, ಆದರೆ ಪಗಾರದ ಕಾಲಂನಲ್ಲಲ್ಲ, ಇತರ ಮೂಲಗಳ ಕಾಲಂನಲ್ಲಿ. ಹೊಸ ತೆರಿಗೆ ಪದ್ಧತಿಯಲ್ಲಿ ಆ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಡಿತ ಸಿಗುತ್ತದೆ. ಈ ನಿರ್ಧರಣಾ ವರ್ಷಕ್ಕೆ ಒಂದು ಒಳ್ಳೆಯ ಬದಲಾವಣೆಯೂ ಆಯಿತು. ಲಿಸ್ಟೆಡ್ ಷೇರು ಅಥವಾ ಈಕ್ವಿಟಿ ಮ್ಯೂಚುವಲ್ ಫಂಡ್ ಮಾರಿ ಬಂದ ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೆ, ಹಳೆಯ ನಷ್ಟ ಏನೂ ಇಲ್ಲದಿದ್ದರೆ, ಐಟಿಆರ್-1ರಲ್ಲೇ ತೋರಿಸಬಹುದು. ಅದರ ಹಿಂದಿನ ವರ್ಷದವರೆಗೆ ಇಷ್ಟಕ್ಕೇ ಐಟಿಆರ್-2ಕ್ಕೆ, ಅಂದರೆ ವ್ಯಾಪಾರ ಇಲ್ಲದವರ ದೊಡ್ಡ ಫಾರ್ಮಿಗೆ, ಹೋಗಬೇಕಿತ್ತು.

ಕೃಷಿ ಆದಾಯ? 5,000 ರೂಪಾಯಿವರೆಗೆ ಮಾತ್ರ.

ನಮ್ಮ ಭಾಗದವರು ಎಡವುವುದು ಇಲ್ಲೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ತೆರಿಗೆ ಇಲ್ಲದ ಮೇಲೆ ತೋರಿಸುವುದು ಯಾಕೆ ಅಂತ ಬಿಟ್ಟುಬಿಡುತ್ತಾರೆ. ತೆರಿಗೆ ಇಲ್ಲದಿದ್ದರೂ ತೋರಿಸಬೇಕು. ಒಂದು ಲೆಕ್ಕ ಹಾಕೋಣ. 2024-25ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ನಿಮ್ಮ ಪಾಲಿನ ಹೊಲದಲ್ಲಿ 8 ಕ್ವಿಂಟಲ್ ಬಂದು ಅದೇ ಬೆಲೆಗೆ ಹೋದರೆ 60,400. ಬೀಜ, ಗೊಬ್ಬರ, ಎಣ್ಣೆ ಹೊಡೆಸಿದ್ದು, ರಾಶಿ ಮಾಡಿಸಿದ್ದು ಎಲ್ಲ ಸೇರಿ ಲಾಗೋಡಿ 25,000 ಅಂತ ಇಟ್ಟುಕೊಳ್ಳಿ. ಉಳಿದದ್ದು 35,400. ಐದು ಸಾವಿರ ಎಲ್ಲಿ, ಮೂವತ್ತೈದು ಸಾವಿರ ಎಲ್ಲಿ! ಪಗಾರದವರಾದರೆ ಐಟಿಆರ್-2 ತುಂಬಬೇಕು. ಹೊಲವನ್ನು ಲಾವಣಿಗೆ ಕೊಟ್ಟು ವರ್ಷಕ್ಕಿಷ್ಟು ಅಂತ ತೆಗೆದುಕೊಳ್ಳುತ್ತೀರಾ? ಅಲ್ಲಿ ಬೆಳೆ ಬೆಳೆಯುತ್ತಿದ್ದರೆ ಅದೂ ಕೃಷಿ ಆದಾಯವೇ. ನೀವು ಕುಂಟೆ ಹೊಡೆಯದಿದ್ದರೂ ಸರಿ.

ಪಹಣಿ ಯಾರ ಹೆಸರಲ್ಲಿದೆ ಅಂತ ನಾನು ಕೇಳುವುದು ಇದಕ್ಕೇ. ಹೊಲ ಅಪ್ಪನದು, ಸಾಗುವಳಿ ಅಪ್ಪನದು, ಮಾಲು ಮಾರಿದ ಪಟ್ಟಿ ದುಡ್ಡು ಅಪ್ಪನ ಖಾತೆಗೆ ಬಂದಿದೆ ಅಂದರೆ ಆದಾಯವೂ ಅಪ್ಪನದೇ. ಮಗ ಹಬ್ಬಕ್ಕೆ ಊರಿಗೆ ಹೋಗಿ ಒಂದು ಚೀಲ ಬೇಳೆ ತಂದದ್ದಕ್ಕೆ ಫಾರ್ಮ್ ಬದಲಾಗುವುದಿಲ್ಲ. ಆದರೆ ಅಣ್ಣತಮ್ಮಂದಿರು ಪಾಲಾಗಿ ನಿಮ್ಮ ಹೆಸರಿಗೆ ಪಹಣಿ ಬಂದಿದ್ದರೆ, ನೀವು ಕಲಬುರಗಿಯಲ್ಲೇ ಕೂತಿದ್ದರೂ ಆ ಆದಾಯ ನಿಮ್ಮದು.

ಐಟಿಆರ್-2ರಲ್ಲಿ ಇದು ಹೋಗುವುದು ವಿನಾಯಿತಿ ಆದಾಯದ ಪಟ್ಟಿಗೆ. ಶೆಡ್ಯೂಲ್ ಇಐ ಅಂತಾರೆ. ಒಟ್ಟು ಬಂದದ್ದು ಎಷ್ಟು, ಖರ್ಚು ಎಷ್ಟು, ನಿವ್ವಳ ಎಷ್ಟು ಅಂತ ಬೇರೆ ಬೇರೆ ಬರೆಯಬೇಕು. ನಿವ್ವಳ 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಕೇಳುತ್ತದೆ. ಅಡತಿಯವರು ಕೊಟ್ಟ ಪಟ್ಟಿಗಳನ್ನು ಎಸೆಯಬೇಡಿ. ಗೊಬ್ಬರದ ಅಂಗಡಿಯ ಬಿಲ್ಲನ್ನೂ ಜೊತೆಗೇ ಪಿನ್ ಮಾಡಿಡಿ.

ತೆರಿಗೆ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಕೃಷಿ ಆದಾಯ 5,000 ದಾಟಿ, ಬೇರೆ ಆದಾಯವೂ ತೆರಿಗೆ ಮಿತಿ ದಾಟಿದ್ದರೆ, ಕೃಷಿಯನ್ನು ಸೇರಿಸಿ ತೆರಿಗೆಯ ದರ ಲೆಕ್ಕ ಹಾಕುತ್ತಾರೆ. ಸ್ಟ್ಯಾಂಡರ್ಡ್ ಡಿಡಕ್ಷನ್ (ಪಗಾರದವರಿಗೆ ಸಿಗುವ ನಿಗದಿತ ಕಡಿತ) ಕಳೆದ ಮೇಲೆ ಒಬ್ಬರ ಆದಾಯ 9 ಲಕ್ಷ, ಕೃಷಿಯಿಂದ ನಿವ್ವಳ 1 ಲಕ್ಷ ಅನ್ನೋಣ. ಹೊಸ ಪದ್ಧತಿ. ಮೊದಲು ಎರಡೂ ಸೇರಿಸಿ 10 ಲಕ್ಷಕ್ಕೆ ತೆರಿಗೆ ನೋಡಿ, 50,000 ಬರುತ್ತದೆ. ಆಮೇಲೆ ಕೃಷಿಯ 1 ಲಕ್ಷಕ್ಕೆ ತೆರಿಗೆ ಮಿತಿಯ 3 ಲಕ್ಷ ಸೇರಿಸಿ 4 ಲಕ್ಷಕ್ಕೆ ನೋಡಿ, 5,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 45,000. ಹೊಲ ತೋರಿಸದಿದ್ದರೆ 9 ಲಕ್ಷಕ್ಕೆ 40,000 ಆಗುತ್ತಿತ್ತು. ವ್ಯತ್ಯಾಸ 5,000, ಸೆಸ್ ಸೇರಿ 5,200. ಐಟಿಆರ್-2ರ ಸಾಫ್ಟ್‌ವೇರ್ ಇದನ್ನು ತಾನೇ ಮಾಡುತ್ತದೆ, ನೀವು ಪೆನ್ನು ಹಿಡಿಯಬೇಕಿಲ್ಲ. ಐಟಿಆರ್-1ರಲ್ಲಿ ಈ ಲೆಕ್ಕಕ್ಕೆ ಜಾಗವೇ ಇಲ್ಲ. ಫಾರ್ಮ್ ಬೇರೆ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹೊಲದಲ್ಲೇ ನಡೆದರೂ ಕೃಷಿ ಅಲ್ಲದ್ದು ಕೆಲವು ಇವೆ. ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕುವುದು, ಕೋಳಿ ಸಾಕುವುದು, ಪಕ್ಕದವರ ನಿಂತ ಬೆಳೆ ಕೊಂಡು ಮಾರುವುದು, ತೊಗರಿ ಕೊಂಡು ಮಿಲ್ಲಿನಲ್ಲಿ ಬೇಳೆ ಮಾಡಿಸಿ ಮಾರುವುದು, ಇವೆಲ್ಲ ವ್ಯಾಪಾರ. ಇವಕ್ಕೆ ಐಟಿಆರ್-2 ಆಗುವುದಿಲ್ಲ, 3 ಅಥವಾ 4 ನೋಡಬೇಕು.

ಹೊಲ ಮಾರಿದವರ ಪ್ರಶ್ನೆಯೂ ಬರುತ್ತದೆ. ಹಳ್ಳಿಯ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಯಾವುದು ಹಳ್ಳಿಯದು? ನಗರದ ಗಡಿಯಿಂದ ಎಷ್ಟು ದೂರ ಅನ್ನುವುದರ ಮೇಲೆ ಅದು ತೀರ್ಮಾನ ಆಗುತ್ತದೆ. ಜನಗಣತಿಯಲ್ಲಿ ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದೊಳಗೆ ಇದ್ದರೆ 2 ಕಿಲೋಮೀಟರ್, 1ರಿಂದ 10 ಲಕ್ಷದೊಳಗೆ 6, ಅದಕ್ಕಿಂತ ಜಾಸ್ತಿಗೆ 8. 2011ರ ಗಣತಿಯಂತೆ ಕಲಬುರಗಿ, ಬೀದರ್ ಎರಡೂ ನಡುವಿನ ಗುಂಪಿಗೆ ಬರುತ್ತವೆ, ಹಾಗಾಗಿ 6 ಕಿಲೋಮೀಟರ್. ಯಾದಗಿರಿ 1 ಲಕ್ಷದ ಒಳಗೆ, ಅದಕ್ಕೆ 2. ಈ ದೂರವನ್ನು ರಸ್ತೆ ಮೇಲೆ ಅಳೆಯುವುದಿಲ್ಲ, ನೆಟ್ಟಗೆ ಗೆರೆ ಎಳೆದ ಹಾಗೆ ಅಳೆಯುತ್ತಾರೆ. ಬಸ್ಸಿನಲ್ಲಿ ಎಂಟು ಕಿಲೋಮೀಟರ್ ಆಗುವ ಹೊಲ ನೆಟ್ಟಗೆ ಅಳೆದರೆ ಐದೂವರೆಗೆ ಬಂದು ನಿಲ್ಲಬಹುದು. ಈ ಮಿತಿಯ ಒಳಗಿನ ಹೊಲ, ಲೇಔಟಿನ ಪ್ಲಾಟು, ಮನೆ, ಬಂಗಾರ, ಏನು ಮಾರಿ ಲಾಭ ಬಂದರೂ ಐಟಿಆರ್-2. ಅಂಗಡಿ, ವ್ಯಾಪಾರ ಇದ್ದವರಾದರೆ ಐಟಿಆರ್-3.

ಎರಡು ಮನೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಲಬುರಗಿಯಲ್ಲಿ ಸಾಲ ಮಾಡಿ ಕಟ್ಟಿದ್ದು ಒಂದು, ಆಳಂದ ಕಡೆ ಊರಲ್ಲಿ ಅಜ್ಜನ ಕಾಲದ್ದು ಒಂದು. ಊರಿನ ಮನೆಗೆ ಬಾಡಿಗೆ ಇಲ್ಲ, ಬೀಗ ಹಾಕಿದೆ. ಆದರೆ ಅದು ನಿಮ್ಮ ಹೆಸರಿಗಿದ್ದರೆ ಅದೂ ಒಂದು ಮನೆಯೇ. ಎರಡಾದವು, ಐಟಿಆರ್-2. ಇದಕ್ಕೆ ತೆರಿಗೆ ಜಾಸ್ತಿ ಆಗಲೇಬೇಕು ಅಂತೇನಿಲ್ಲ, ಫಾರ್ಮ್ ಮಾತ್ರ ಬೇರೆ.

ಷೇರಿನ ಒಂದು ಸೂಕ್ಷ್ಮ ಇದೆ. ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ವರ್ಷದಲ್ಲಿ ಯಾವಾಗಲಾದರೂ ಲಿಸ್ಟ್ ಆಗದ ಕಂಪನಿಯ ಈಕ್ವಿಟಿ ಷೇರು ನಿಮ್ಮ ಹತ್ತಿರ ಇದ್ದರೆ ಐಟಿಆರ್-1 ಇಲ್ಲ, 4 ಕೂಡ ಇಲ್ಲ. ನಮಗೆಲ್ಲಿಂದ ಅಂಥ ಷೇರು ಅನ್ನುತ್ತೀರಿ. ಊರಿನಲ್ಲಿ ರೈತ ಉತ್ಪಾದಕ ಕಂಪನಿ ಶುರುವಾದಾಗ ಮನೆಮನೆಗೆ ಬಂದು ಸಾವಿರ ರೂಪಾಯಿಯ ಷೇರು ಕೊಟ್ಟು ಹೋಗಿದ್ದರಲ್ಲ, ಅದೇ! ಅದು ಕಂಪನಿ ಕಾಯ್ದೆಯಡಿ ನೋಂದಣಿಯಾದ ಕಂಪನಿ, ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿಲ್ಲ. ಅದರಲ್ಲಿ ನೀವು ನಿರ್ದೇಶಕರಾಗಿದ್ದರೂ ಇದೇ ನಿಯಮ. ಸಹಕಾರ ಬ್ಯಾಂಕ್ ಅಥವಾ ಪತ್ತಿನ ಸಂಘದ ಷೇರಿಗೆ ಮಾತ್ರ ಈ ತೊಂದರೆ ಇಲ್ಲ. ಅದು ಕಂಪನಿ ಅಲ್ಲವಲ್ಲ.

ದುಬೈ, ಸೌದಿಯಲ್ಲಿ ದುಡಿಯುವ ಮಕ್ಕಳ ರಿಟರ್ನ್ ಅಪ್ಪಂದಿರು ತುಂಬಿಸಲು ಬರುತ್ತಾರೆ. ಇಲ್ಲಿ ಬಾಡಿಗೆ, ಬಡ್ಡಿ ಬರುತ್ತಿರುತ್ತದೆ. ಮಗ ಆ ವರ್ಷಕ್ಕೆ ಅನಿವಾಸಿ ಆಗಿದ್ದರೆ ಬರೀ ಬಡ್ಡಿ ಇದ್ದರೂ ಐಟಿಆರ್-2. ವಾಪಸ್ ಬಂದು ಇಲ್ಲೇ ನೆಲೆ ನಿಂತವರು ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಿದ್ದೀರಾ ನೋಡಿಕೊಳ್ಳಿ. ಸಾಮಾನ್ಯ ನಿವಾಸಿ ಆದ ಮೇಲೂ ಹೊರದೇಶದ ಖಾತೆ ಇದ್ದರೆ, ಅದರಲ್ಲಿ ನೂರು ರಿಯಾಲ್ ಇದ್ದರೂ, ಸಹಜ್ ಮತ್ತು ಸುಗಮ್ ಎರಡೂ ನಿಮಗಲ್ಲ.

ಸುಗಮ್ ಅಂದರೆ ಐಟಿಆರ್-4. ಅಂಗಡಿಕಾರರಿಗೆ, ವಕೀಲರಿಗೆ, ಡಾಕ್ಟರಿಗೆ, ಲಾರಿ ಮಾಲೀಕರಿಗೆ ಮಾಡಿದ ಫಾರ್ಮ್. ಪುಸ್ತಕ ಇಟ್ಟು ಲಾಭ ತೆಗೆಯುವ ಬದಲು ಅಂದಾಜು ಲಾಭ ತೋರಿಸುವ ವ್ಯವಸ್ಥೆ ಇದರಲ್ಲಿದೆ. ವ್ಯಾಪಾರಕ್ಕೆ ಇದು ಸೆಕ್ಷನ್ 44ಎಡಿ, ವಹಿವಾಟು 2 ಕೋಟಿಯೊಳಗೆ. ನಗದು ಶೇ 5ರೊಳಗೆ ಇದ್ದರೆ 3 ಕೋಟಿವರೆಗೆ. ಬೀದರಿನಲ್ಲಿ ಒಬ್ಬರು ಬಿದರಿ ಸಾಮಾನಿನ ಅಂಗಡಿ ಇಟ್ಟಿದ್ದಾರೆ ಅನ್ನೋಣ. ವರ್ಷಕ್ಕೆ 20 ಲಕ್ಷದ ವ್ಯಾಪಾರ. ಅದರಲ್ಲಿ 12 ಲಕ್ಷ ಫೋನ್‌ಪೇ, ಬ್ಯಾಂಕ್ ಮೂಲಕ ಬಂದಿದೆ. ಅದಕ್ಕೆ ಶೇ 6, ಅಂದರೆ 72,000. ಉಳಿದ 8 ಲಕ್ಷ ನಗದು, ಅದಕ್ಕೆ ಶೇ 8, ಅಂದರೆ 64,000. ಕನಿಷ್ಠ ಲಾಭ 1,36,000 ತೋರಿಸಬೇಕು. ಕನಿಷ್ಠ ಅಂದೆ, ನೆನಪಿಡಿ. ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು. ಇನ್ನೊಂದು, ಒಂದು ವರ್ಷ ಇದರಲ್ಲಿ ತೋರಿಸಿ ನಡುವೆ ಬಿಟ್ಟು ಹೊರಬಂದರೆ ಐದು ವರ್ಷ ಮತ್ತೆ ಈ ಸೌಲಭ್ಯ ಸಿಗುವುದಿಲ್ಲ. ಹೈಕೋರ್ಟ್ ಪೀಠ ಇರುವ ಊರು ನಮ್ಮದು, ವಕೀಲರಿಗೆ ಕಡಿಮೆ ಇಲ್ಲ. ಅವರಿಗೆ, ಡಾಕ್ಟರುಗಳಿಗೆ, ಇಂಜಿನಿಯರುಗಳಿಗೆ 44ಎಡಿಎ. ಫೀಸು 50 ಲಕ್ಷದೊಳಗಿದ್ದರೆ, ನಗದು ಶೇ 5ರೊಳಗಿದ್ದರೆ 75 ಲಕ್ಷದವರೆಗೆ, ಅರ್ಧವನ್ನು ಲಾಭ ಅಂತ ತೋರಿಸಬಹುದು.

ಶಹಾಬಾದ್ ಕಲ್ಲು, ವಾಡಿ, ಸೇಡಂ ಸಿಮೆಂಟ್ ಹೊರುವ ಲಾರಿಯವರಿಗೆ 44ಎಇ. ವರ್ಷದಲ್ಲಿ ಯಾವಾಗಲೂ 10 ಗಾಡಿಗಿಂತ ಜಾಸ್ತಿ ಇರಬಾರದು. 12 ಟನ್ ಮೀರಿದ ಗಾಡಿಗೆ ಅದರ ಒಟ್ಟು ತೂಕದ ಟನ್‌ಗೆ ತಿಂಗಳಿಗೆ 1,000 ರೂಪಾಯಿ. 28 ಟನ್ ಗಾಡಿಗೆ ತಿಂಗಳಿಗೆ 28,000, ವರ್ಷಕ್ಕೆ 3,36,000. ಸಣ್ಣ ಗಾಡಿಗೆ ತಿಂಗಳಿಗೆ 7,500. ಗಾಡಿ ರಿಪೇರಿಗೆ ನಿಂತಿತ್ತು ಅಂತ ಆ ತಿಂಗಳು ಬಿಡಲು ಬರುವುದಿಲ್ಲ. ನಿಮ್ಮ ಹೆಸರಲ್ಲಿ ಇದ್ದರೆ ಸಾಕು, ತಿಂಗಳು ಲೆಕ್ಕಕ್ಕೆ ಬಂತು.

ಈಗ ಸುಗಮ್‌ನಿಂದ ಹೊರಗೆ ಬೀಳುವವರು. ಇಲ್ಲೂ ಕೃಷಿಗೆ 5,000ದ ಮಿತಿಯೇ ಇದೆ. ಕಿರಾಣಿ ಅಂಗಡಿಯೂ ಇದೆ, ನಾಲ್ಕು ಎಕರೆ ತೊಗರಿಯೂ ಇದೆ ಅಂದರೆ ಐಟಿಆರ್-3ಕ್ಕೆ ಹೋಗಬೇಕು. ಭಯ ಬೇಡ, ಅಂದಾಜು ಲಾಭವನ್ನು ಐಟಿಆರ್-3ರಲ್ಲೂ ತೋರಿಸಲು ಬರುತ್ತದೆ. ಎರಡನೆಯವರು ಕಮಿಷನ್‌ನವರು. ಕಮಿಷನ್, ದಲ್ಲಾಳಿ, ಏಜೆನ್ಸಿ ಇರುವವರಿಗೆ 44ಎಡಿ ಇಲ್ಲವೇ ಇಲ್ಲ. ಗಂಜಿನ ಅಡತಿಯವರು ಇದರಲ್ಲಿ ಬಂದರು. ಎಲ್ಐಸಿ ಏಜೆಂಟರೂ ಬಂದರು. ಮಾಸ್ತರರ ಹೆಂಡತಿಯ ಹೆಸರಲ್ಲಿ ಏಜೆನ್ಸಿ ಇರುವುದು ನಮ್ಮಲ್ಲಿ ಹೊಸದೇನಲ್ಲ, ಆ ತಾಯಿಯ ಫಾರ್ಮ್ ಐಟಿಆರ್-3. ಅಡತಿಯವರು ಸ್ವಂತಕ್ಕೂ ತೊಗರಿ ಕೊಂಡು ಮಾರುತ್ತಾರೆ, ಆ ಭಾಗಕ್ಕಾದರೂ ಶೇ 6 ಹಾಕೋಣ ಅನ್ನುತ್ತಾರೆ. ಬರುವುದಿಲ್ಲ. ಕಮಿಷನ್ ಗಳಿಸುವ ವ್ಯಕ್ತಿಗೇ ಆ ಬಾಗಿಲು ಮುಚ್ಚಿದೆ.

ಐಟಿಆರ್-3ಕ್ಕೆ ಬರುವ ಇನ್ನೊಬ್ಬರನ್ನು ಕಲಬುರಗಿಯಲ್ಲಿ ಬಿಡುವ ಹಾಗಿಲ್ಲ. ದಾಲ್ ಮಿಲ್ಲುಗಳು ಬಹಳಷ್ಟು ಮನೆಯವರದೇ ಪಾಲುದಾರಿಕೆ. ಮನೆಯ ಹೆಣ್ಣುಮಗಳನ್ನೂ ಪಾಲುದಾರಳಾಗಿ ಹಾಕಿರುತ್ತಾರೆ. ಆಕೆ ಕಾಲೇಜಿನಲ್ಲಿ ಪಾಠ ಮಾಡಿ ಪಗಾರ ತೆಗೆದುಕೊಳ್ಳುತ್ತಿರಬಹುದು. ಫರ್ಮಿನಿಂದ ಬಡ್ಡಿ, ಸಂಬಳ ಬಂದರೆ ಐಟಿಆರ್-3 ಅನ್ನುವುದು ಸರಿ. ಏನೂ ಬರದೆ ತೆರಿಗೆ ಇಲ್ಲದ ಲಾಭದ ಪಾಲು ಮಾತ್ರ ಬಂದರೂ ಐಟಿಆರ್-3ರೇ. "ನನಗ ಒಂದ್ ರೂಪಾಯಿ ಕೊಟ್ಟಿಲ್ರಿ ಅವರು" ಅನ್ನುವವರಿಗೆ ನಾನು ಫರ್ಮಿನ ಲೆಕ್ಕದ ಪ್ರತಿ ತರಿಸಿ ನೋಡಿ ಅನ್ನುತ್ತೇನೆ. ಖಾತೆಗೆ ಜಮಾ ಆಗಿರುತ್ತದೆ, ಕೈಗೆ ಬಂದಿರುವುದಿಲ್ಲ.

ಹುಡುಗರ ಆಪ್ಷನ್ ಟ್ರೇಡಿಂಗ್ ಕೂಡ ವ್ಯಾಪಾರವೇ, ಐಟಿಆರ್-3. ಅದೇ ದಿನ ಕೊಂಡು ಅದೇ ದಿನ ಮಾರುವ ಷೇರೂ ಹಾಗೇ. ಲಾಭ ಬಂದವರಿಗಿಂತ ನಷ್ಟ ಆದವರಿಗೇ ಇದು ಜಾಸ್ತಿ ಮುಖ್ಯ. ಕೊನೆಯ ದಿನಾಂಕದೊಳಗೆ ಸರಿಯಾದ ಫಾರ್ಮಿನಲ್ಲಿ ತೋರಿಸಿದರೆ ಆಪ್ಷನ್ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಇಂಟ್ರಾಡೇ ನಷ್ಟವನ್ನು ನಾಲ್ಕು ವರ್ಷ. ಅಪ್ಪನಿಗೆ ಗೊತ್ತಾಗಬಾರದು ಅಂತ ಐಟಿಆರ್-1 ತುಂಬಿದರೆ ಆ ನಷ್ಟ ಅಲ್ಲಿಗೇ ಹೋಯಿತು.

ಹಳೆಯ ತೆರಿಗೆ ಪದ್ಧತಿ ಬೇಕು ಅನ್ನುವವರಿಗೂ ಫಾರ್ಮಿನಿಂದ ವ್ಯತ್ಯಾಸ ಆಗುತ್ತದೆ. 1 ಮತ್ತು 2ರಲ್ಲಿ ರಿಟರ್ನಿನೊಳಗೇ ಟಿಕ್ ಮಾಡಿದರೆ ಮುಗಿಯಿತು. ವ್ಯಾಪಾರ, ವೃತ್ತಿಯ ಆದಾಯ ಇರುವ 3 ಮತ್ತು 4ರವರು ಕೊನೆಯ ದಿನಾಂಕದೊಳಗೆ ಫಾರ್ಮ್ 10-ಐಇಎ ಬೇರೆಯಾಗಿ ಹಾಕಬೇಕು. ಆಡಿಟ್ ಇಲ್ಲದವರಿಗೆ ಆ ದಿನಾಂಕ ಮಾಮೂಲಿಯಾಗಿ ಜುಲೈ 31 ಇರುತ್ತಿತ್ತು, 2025ರಲ್ಲಿ ಅದನ್ನು ಸೆಪ್ಟೆಂಬರ್‌ಗೆ ಮುಂದೂಡಿದ್ದರು.

ತಪ್ಪು ಫಾರ್ಮ್ ಹಾಕಿಬಿಟ್ಟರೆ ಸರಿಯಾದ ಫಾರ್ಮಿನಲ್ಲಿ ಪರಿಷ್ಕೃತ ರಿಟರ್ನ್ ಹಾಕಬೇಕು, ಈ ನಿರ್ಧರಣಾ ವರ್ಷಕ್ಕೆ ಅದರ ಗಡುವು 2025ರ ಡಿಸೆಂಬರ್ 31. ಇಲಾಖೆಯೇ ಮೊದಲು ಕಂಡುಹಿಡಿದರೆ 139(9)ರಡಿ ದೋಷಪೂರಿತ ರಿಟರ್ನ್ ಅಂತ ನೋಟಿಸ್ ಬರುತ್ತದೆ, ಉತ್ತರಕ್ಕೆ 15 ದಿನ. ನೋಟಿಸ್ ಇಮೇಲ್‌ಗೆ ಬರುತ್ತದೆ. ಹಾಗಾಗಿ ಪೋರ್ಟಲ್‌ನಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್ ಇರಲಿ. ಸೈಬರ್ ಸೆಂಟರ್ ಹುಡುಗನದ್ದೋ ನನ್ನಂಥವರದ್ದೋ ಬೇಡ. ಕೊನೆಗೆ ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ಆಧಾರ್‌ಗೆ ಮೊಬೈಲ್ ಜೋಡಣೆ ಆಗಿಲ್ಲದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು. ಅದೂ ಇಲ್ಲದವರು ಐಟಿಆರ್-ವಿ (ರಿಟರ್ನ್ ಸಲ್ಲಿಸಿದ ಸ್ವೀಕೃತಿ ಪತ್ರ) ಪ್ರಿಂಟ್ ತೆಗೆದು, ಸಹಿ ಹಾಕಿ, ಇಲಾಖೆಯ ಬೆಂಗಳೂರಿನ ರಿಟರ್ನ್ ಪರಿಶೀಲನಾ ಕೇಂದ್ರವಾದ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.